ಡಬ್ಬಿ ಬಸಣ್ಣನ ಹೊಟ್ಟೆಕಿಚ್ಚು

ನನ್ನ ತಂಗಿ ಗಂಗಾಂಬಿಕಾಳ ಗಂಡ ಬಸವಕುಮಾರನನ್ನು ಬನಹಟ್ಟಿಯ ಮಂದಿ ಕರೆಯುವುದು ಡಬ್ಬಿ ಬಸಣ್ಣ ಎಂದು. ಡಬ್ಬಿ ಎಂದರೆ ಹಿಟ್ಟಿನ ಡಬ್ಬಿಯಲ್ಲ, ಗೂಡ್ಸ್ ರೈಲಿನ ಮೇಲೆ ಕೂತು ಬರುವ ಕಂಟೇನರು. ಅದನ್ನೂ ಅವನು ತಗಡು ಬಡಿದು ಮಾಡುವವನಲ್ಲ, ಕಂಪ್ಯೂಟರಿನೊಳಗೆ ಮಾಡುತ್ತಾನೆ. ರೈಲು ಓಡಿಸುವ ಆಟ ಅಂತ ಒಂದಿದೆ. ಡ್ರೈವರನ ಜಾಗದಲ್ಲಿ ಕೂತಂತೆ ಕೂತು, ನಿಜವಾದ ಹಳಿ, ಸಿಗ್ನಲ್ಲು, ಸ್ಟೇಶನ್ನುಗಳಿದ್ದ ಹಾಗೆಯೇ ಮಾಡಿಟ್ಟ ಮಾರ್ಗದಲ್ಲಿ ರೈಲು ನಡೆಸುವುದು. ಆ ಆಟಕ್ಕೆ ಬೇಕಾದ ಎಂಜಿನ್ನು, ಬೋಗಿ, ಡಬ್ಬಿಗಳನ್ನು ಊರೂರಲ್ಲಿ ಕೂತ ಹುಚ್ಚರು ತಾವೇ ಮಾಡಿ ಪುಕ್ಕಟೆ ಹಂಚುತ್ತಾರೆ. ಅಂಥವರಲ್ಲಿ ನಮ್ಮವನೂ ಒಬ್ಬ.

ಈ ಹುಚ್ಚು ಹಿಡಿಯಲು ಅವನಿಗೆ ಸಿಕ್ಕ ಊರಾದರೂ ಎಂಥದು! ಬಾಗಲಕೋಟೆಯಿಂದ ಕುಡಚಿಗೆ ಹಾಕುವ ಹಳಿಯ ಮಾತು ನಾನು ಶಾಲೆಗೆ ಹೋಗುವಾಗಲೂ ಇತ್ತು. ಈಗ ನಾನು ಜಮಖಂಡಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೇನೆ, ಹಳಿ ಇನ್ನೂ ಬರುತ್ತಲೇ ಇದೆ. ಮುಧೋಳದವರು ಕೇಳಿದರು, ಜಮಖಂಡಿಯವರು ಧರಣಿ ಕೂತರು, ರಬಕವಿ-ಬನಹಟ್ಟಿಯವರು ಮಗ್ಗ ನಿಲ್ಲಿಸಿ ಕೂಗಿದರು. ರೈಲು ಮಾತ್ರ ಅತ್ತ ಬಾಗಲಕೋಟೆ, ಇತ್ತ ಕುಡಚಿಯ ಆಚೆಯ ಲೋಕದಲ್ಲೇ ಓಡಾಡಿಕೊಂಡಿದೆ. ಇಂಥ ಊರಲ್ಲಿ ಕೂತು ರೈಲಿನ ಡಬ್ಬಿ ಮಾಡುವವನನ್ನು ಜನ ಆಡಿಕೊಳ್ಳದೆ ಬಿಡುತ್ತಾರೆಯೇ? "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಯಾಕತ್ತಾನ ನೋಡ್ರಿ," ಎನ್ನುತ್ತಿದ್ದರು.

ಅವನ ಹೊಟ್ಟೆಪಾಡು ಬೇರೆ. ಪಾವರ್‌ಲೂಮಿನ ಮಾಲೀಕರಿಗೆ ಸೀರೆಯ ಡಿಸೈನು ಮಾಡಿಕೊಡುತ್ತಾನೆ. ದಡಿಯ ಮೇಲೆ ನವಿಲು ಬೇಕೋ, ಸೆರಗಿನಲ್ಲಿ ಗೋಪುರ ಬೇಕೋ, ಅದನ್ನು ಕಂಪ್ಯೂಟರಿನಲ್ಲಿ ಚೌಕುಳಿ ಚೌಕುಳಿಯಾಗಿ ಬಿಡಿಸಿ ಮಗ್ಗದ ಮೇಲಿನ ಜಕಾರ್ಡಿಗೆ ಏರಿಸುವ ಹಾಗೆ ತಯಾರು ಮಾಡುವುದು. ಒಳ್ಳೆಯ ಕೈ. ಅದೇ ಕೈಯನ್ನು ಬಿಡುವಿನ ಹೊತ್ತಿನಲ್ಲಿ ಡಬ್ಬಿಗೆ ಹಚ್ಚುತ್ತಾನೆ. ಕಂಟೇನರಿನ ಮೈ ನಿರಿಗೆ ಹಿಡಿದ ಹಾಗಿರುತ್ತದಲ್ಲ, ಆ ಏಣು ತಗ್ಗುಗಳನ್ನು ಅವನಷ್ಟು ಚೊಕ್ಕಟವಾಗಿ ತೆಗೆಯುವವರು ಕಡಿಮೆ ಎಂದು ಆ ಲೋಕದವರೇ ಒಪ್ಪುತ್ತಾರೆ. ಸುಗ್ಗಿಯಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಯಾವುದಾದರೂ ಕಂಟೇನರ್ ಲಾರಿ ಸಿಕ್ಕಿಹಾಕಿಕೊಂಡರೆ ಡ್ರೈವರ್ ತಲೆ ಚಚ್ಚಿಕೊಳ್ಳುತ್ತಾನೆ, ನಮ್ಮ ಬಸವಕುಮಾರ ಗಾಡಿ ನಿಲ್ಲಿಸಿ ಅದರ ಬಾಗಿಲಿನ ಸರಳು, ಮೂಲೆಯ ಕಬ್ಬಿಣ ಎಲ್ಲದರ ಫೋಟೊ ತೆಗೆಯುತ್ತಾನೆ. ಒಮ್ಮೆ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋಗುವಾಗ ಹೀಗೇ ಮಾಡಿದ, ನಾನು ಬಿಸಿಲಲ್ಲಿ ನಿಂತು ಅವನಿಗೂ ಕಂಟೇನರಿಗೂ ಕೂಡಿಯೇ ಬೈದಿದ್ದೆ.

ಇನ್ನು ಅವನ ಹೊಟ್ಟೆಕಿಚ್ಚು. ಪಕ್ಕದ ಮನೆಯವರು ಮೂರಂತಸ್ತು ಏರಿಸಿದರು, ಅವನಿಗೆ ಏನೂ ಅನ್ನಿಸಲಿಲ್ಲ. ತಮ್ಮ ಕಾರು ಕೊಂಡ, ಖುಷಿಯಿಂದ ಪೂಜೆಗೆ ಹೋಗಿ ಬಂದ. ಆದರೆ ಹುಬ್ಬಳ್ಳಿಯವನೊಬ್ಬ ಒಂದು ಸಿಮೆಂಟ್ ವ್ಯಾಗನ್ ಮಾಡಿ ಹಾಕಿದನೆಂದರೆ ಅವತ್ತು ಇವನಿಗೆ ರೊಟ್ಟಿ ಇಳಿಯುವುದಿಲ್ಲ. ಆ ಹುಬ್ಬಳ್ಳಿಯವನ ಮುಖವನ್ನು ಇವನು ಕಂಡವನಲ್ಲ.

"ಅವಗೇನ್ರಿ ಅಕ್ಕಾರ," ಎಂದು ನನ್ನ ಮುಂದೆ ಹೊಟ್ಟೆಯ ಉರಿ ತೋಡಿಕೊಳ್ಳುತ್ತಿದ್ದ. "ರೈಲ್ವೆ ಕ್ವಾರ್ಟರ್ಸಿನ ಹಿತ್ತಲ ಬಾಗಲಾ ತೆಗದ್ರ ಯಾರ್ಡ್ ಕಾಣತೈತಿ. ಹಲ್ಲ ತಿಕ್ಕೋತ ನಿಂತ್ರ ನಲವತ್ತು ವ್ಯಾಗನ್ ಮುಂದ ಹಾದು ಹೋಗತಾವ. ನಾ ಒಂದ ಡಬ್ಬಿ ನೋಡಬೇಕಂದ್ರ ಕುಡಚಿಗೆ ಬಸ್ ಹತ್ತಬೇಕು."

"ಹಂಗಾರ ಅವನಕಿಂತ ನಿನ್ನ ಕೆಲಸನ ದೊಡ್ಡದಲ್ಲೋ," ಎಂದು ನಾನು ಸಮಾಧಾನ ಹೇಳುತ್ತಿದ್ದೆ.

"ದೊಡ್ಡದೇನ್ರಿ, ಅವನ ಚಕ್ರ ನೋಡೀರೇನು? ಖರೆ ಚಕ್ರಕಿಂತ ಖರೆ ಮಾಡ್ಯಾನ, ಹಾಳಾದಾಂವ!"

ಪುಣೆಯವನೊಬ್ಬನ ಮೇಲೆ, ಮೀರಜಿನವನೊಬ್ಬನ ಮೇಲೆ ಹೀಗೇ ಉರಿದುಕೊಂಡು ವರ್ಷಗಳು ಹೋದವು. ಉರಿದಷ್ಟೂ ಚೆನ್ನಾಗಿ ಕೆಲಸ ಮಾಡುತ್ತಿದ್ದ, ಹಾಗಾಗಿ ನಾವೂ ಬಿಟ್ಟುಬಿಟ್ಟಿದ್ದೆವು. ಕಿಚ್ಚು ದೂರದ ಊರುಗಳ ಕಡೆಗೆ ಮುಖ ಮಾಡಿರುವ ತನಕ ಮನೆಯವರಿಗೇನು ತೊಂದರೆ? ಒಂದು ದಿನ ಅದು ಅಡುಗೆಮನೆಯ ಕಡೆ ತಿರುಗಿತು.

ಗಂಗಾ ನನಗಿಂತ ಚಿಕ್ಕವಳು. ನಾವು ಹಿಪ್ಪರಗಿಯವರು, ಕೃಷ್ಣೆಯ ದಂಡೆಯ ಕಬ್ಬಿನ ನೆಲದವರು. ಅಪ್ಪನ ಅಂಗಳದಲ್ಲಿ ಕಬ್ಬು ಹೇರುವ ಟ್ರಾಲಿಗಳ ನೆರಳಲ್ಲೇ ಅವಳು ಆಡಿ ಬೆಳೆದದ್ದು. ಬನಹಟ್ಟಿಗೆ ಕೊಟ್ಟ ಮೇಲೆ ಹಿಂದಿನ ಅಂಕಣದ ಎರಡು ಮಗ್ಗಗಳಿಗೆ ಕಂಡಿಕೆ ಸುತ್ತುವುದು, ಅಂದರೆ ಲಾಳಿಯಲ್ಲಿ ಕೂರುವ ಪುಟ್ಟ ನಳಿಕೆಗಳಿಗೆ ನೂಲು ಸುತ್ತುವುದು, ಅವಳ ಕೆಲಸವಾಯಿತು. ನೇಯುವ ಮನೆಗಳಲ್ಲಿ ಹೆಂಗಸರೆಲ್ಲ ಅದನ್ನು ಮಾಡುತ್ತಾರೆ, ಅದಕ್ಕೆ ಯಾರೂ ಕೆಲಸ ಎನ್ನುವುದಿಲ್ಲ.

ಒಂದು ದಿನ ಚಹಾ ಕೊಡಲು ಹೋದವಳು ಗಂಡನ ಪರದೆ ನೋಡಿ ಸುಮ್ಮನಿರಲಾರದೆ ಹೇಳಿದಳಂತೆ: "ಇದೇನ್ರಿ, ತುಕ್ಕು ಹಚ್ಚೀರೋ ಕುಂಕುಮ ಚೆಲ್ಲೀರೋ? ತುಕ್ಕು ಹಿಂಗ ಎಲ್ಲಿ ಬೇಕಲ್ಲಿ ಕುಂದ್ರೂದಿಲ್ಲ್ರಿ. ಬೋಲ್ಟಿನ ಬಾಯಾಗಿಂದ ಹೊಂಡತೈತಿ, ಮಳಿ ನೀರಿನ ಸಂಗಾಟ ಕೆಳಗ ಇಳಿತೈತಿ. ನಮ್ಮಪ್ಪನ ಟ್ರಾಲಿ ನೋಡಿಲ್ಲೇನು ನೀವು?"

"ಹಂಗಾರ ನೀನ ಹಚ್ಚು, ನೋಡೂಣು," ಎಂದು ಅವನು ಮೌಸನ್ನು ಅವಳ ಕೈಗೆ ಕೊಟ್ಟ. ಚೇಷ್ಟೆಗೆ ಕೊಟ್ಟದ್ದು, ಅವಳು ನಿಜವಾಗಿಯೇ ಹಿಡಿದಳು. ಮಗ್ಗಕ್ಕೆ ಕಂಡಿಕೆ ಕೊಟ್ಟು ಬಂದು ಕೂತು, ಮತ್ತೆ ಎದ್ದು ಹೋಗಿ ಬಂದು, ಹೀಗೇ ಕಲಿತಳು. ಮೊದಲು ಬಣ್ಣ, ಆಮೇಲೆ ಮೈ ಕಟ್ಟುವುದು. ಅವನೇ ಕಲಿಸಿದ. ಕಲಿಸುವಾಗ ಅವನಿಗೆ ಬಹಳ ಸಂತೋಷವಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿಷ್ಯರಿರುವುದು ಯಾರಿಗೆ ಸಂತೋಷವಲ್ಲ?

ಮುಂದೆ ಅವನ ಡಬ್ಬಿಗಳಿಗೆ ಬರುವ ಮೆಚ್ಚುಗೆಯ ಬಣ್ಣ ಬದಲಾಯಿತು. ಡಬ್ಬಿ ಚೆನ್ನಾಗಿದೆ ಎನ್ನುತ್ತಿದ್ದವರು ಈಗ ತುಕ್ಕು ಚೆನ್ನಾಗಿದೆ ಎನ್ನತೊಡಗಿದರು. 'ಬಸಣ್ಣನ ತುಕ್ಕು' ಎಂಬ ಮಾತೇ ಹುಟ್ಟಿಕೊಂಡಿತು. ದೀಪಾವಳಿಗೆ ಹೋದಾಗ ನಾನು ನೇರ ಕೇಳಿದೆ: "ತುಕ್ಕು ಹಚ್ಚಿದಾಕಿ ಗಂಗಾ ಅಂತಲ್ಲೋ. ಎಲ್ಲೂ ಅಕಿ ಹೆಸರ ಕಾಣವಲ್ದು?"

ಅವನು ನಕ್ಕ. "ಕಂಡಿಕಿ ಸುತ್ತಿಕೊಟ್ಟವರ ಹೆಸರು ಸೀರಿ ಮ್ಯಾಲ ಬರತಾವೇನ್ರಿ ಅಕ್ಕಾರ?"

ನನಗೆ ಮೈಯೆಲ್ಲ ಉರಿಯಿತು. ಗಂಗಾ ಹೋಳಿಗೆ ಬಡಿಸುತ್ತಿದ್ದವಳು ಬಡಿಸಿಕೊಂಡೇ ಹೋದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ, ಅದರ ಅರ್ಥ ನನ್ನ ತಂಗಿಯ ಮನೆಯಲ್ಲಿ ಮಣೆ ಹಾಕಿಕೊಂಡು ಕೂತಿತ್ತು.

ಅಷ್ಟರಲ್ಲಿ ದಾವಣಗೆರೆಯ ಹಾಲೇಶನ ಗುಂಪು ಬಂತು. ಹಾಲೇಶನೂ ಅದೇ ಹುಚ್ಚಿನವನು, ಡಬ್ಬಿಯ ಬದಲು ಮಾರ್ಗ ಮಾಡುವವನು. ನಿಜವಾದ ಸರ್ಕಾರ ಮಾಡದಿದ್ದರೇನಂತೆ, ನಾವು ಆಟದೊಳಗಾದರೂ ಬಾಗಲಕೋಟೆ-ಕುಡಚಿ ಹಳಿ ಪೂರ್ತಿ ಮಾಡೋಣ ಎಂದು ಅವನು ನಾಲ್ಕಾರು ಜನರನ್ನು ಕೂಡಿಸಿದ್ದ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಎಲ್ಲಕ್ಕೂ ಸ್ಟೇಶನ್ನು. ಎರಡೂ ಕಡೆ ಕಬ್ಬು. ಕೆಲಸ ಮುಗಿಯುತ್ತಾ ಬಂದಾಗ ಬಸವಕುಮಾರನಿಗೆ ಫೋನು ಮಾಡಿದ. ಡಬ್ಬಿಗಳು ನಿಮ್ಮವೇ ಬೇಕು ಎಂದ. ಜೊತೆಗೆ ಒಂದು ಟವರ್ ಗಾಡಿಯೂ ಬೇಕು ಎಂದ. ರೈಲಿನ ಮೇಲಿನ ಕರೆಂಟಿನ ತಂತಿ ನೋಡಿ ರಿಪೇರಿ ಮಾಡಲು ಹೋಗುವ ಗಾಡಿ ಅದು. ನೆತ್ತಿಯ ಮೇಲೆ ಜನ ನಿಲ್ಲುವ ಅಟ್ಟ ಇರುತ್ತದೆ, ಅದು ಮೇಲೇರುತ್ತದೆ, ಆಚೀಚೆ ತಿರುಗುತ್ತದೆ. ಹೊಸ ಮಾರ್ಗದಲ್ಲಿ ಮೊದಲು ಅದನ್ನೇ ಬಿಡೋಣ, ತಂತಿ ಪರೀಕ್ಷೆ ಮಾಡಿದ ಹಾಗೆ, ಎಂಬುದು ಹಾಲೇಶನ ಲೆಕ್ಕ.

"ರಿಪೇರಿ ಗಾಡಿ ಯಾರ ನೋಡತಾರ್ರಿ," ಎಂದು ಬಸವಕುಮಾರ ಮೂಗು ಮುರಿದ. "ನನಗ ಡಬ್ಬಿನ ಸಾಕಷ್ಟದಾವು."

"ನಾ ಮಾಡ್ಲೇನ್ರಿ?" ಎಂದಳು ಗಂಗಾ.

"ಮಾಡು. ಬ್ಯಾಡಂದವರ ಯಾರು?"

"ಮಾಡಿದ್ರ ನನ್ನ ಹೆಸರು ಹಾಕತೀರೇನು?"

ಅವಳು ಮದುವೆಯಾದಾಗಿನಿಂದ ಅವನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವನು "ನೋಡೂಣಂತ" ಎಂದ. ನಮ್ಮ ಕಡೆಯ ಗಂಡಸರ ಈ ನೋಡೋಣ ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ನೋಡುವುದು ಏನೂ ಇರುವುದಿಲ್ಲ. ಗಂಗಾ ಮಾತ್ರ ಅದನ್ನು ಹೌದು ಎಂದೇ ತೆಗೆದುಕೊಂಡಳು.

ಟವರ್ ಗಾಡಿ ನೋಡಲು ಒಂದು ರವಿವಾರ ನಾವಿಬ್ಬರೂ ಬಾಗಲಕೋಟೆ ಸ್ಟೇಶನ್ನಿಗೆ ಹೋದೆವು. ನಮ್ಮ ಪುಣ್ಯಕ್ಕೆ ಒಂದು ನಿಂತಿತ್ತು, ಹಳದಿ ಬಣ್ಣದ್ದು, ಮೈಮೇಲೆಲ್ಲ ಗ್ರೀಸು. ಗಂಗಾ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಆಮೇಲೆ ಮೇಲಿನ ಸೇತುವೆ ಹತ್ತಿ ಇಳಿದು ಅದರ ಇನ್ನೊಂದು ಬದಿ ನೋಡಿ ಬಂದಳು. ಎರಡೂ ಬದಿ ಒಂದೇ ತರ ಇಲ್ಲ ಅಂತ ಅವಳಿಗೆ ಅದೇನು ಸಂತೋಷವೋ! ಈ ಬದಿ ಏಣಿ ಇತ್ತಂತೆ, ಆ ಬದಿ ಹತ್ಯಾರದ ಪೆಟ್ಟಿಗೆ, ಅದರ ಮುಚ್ಚಳಕ್ಕೆ ಯಾರೋ ತಂತಿ ಕಟ್ಟಿದ್ದರಂತೆ.

ಗಾಡಿಯ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಕೆಲಸದವನೊಬ್ಬ ನಮ್ಮನ್ನು ನೋಡಿ ನೋಡಿ ಕೊನೆಗೆ ಕೇಳಿದ: "ಏನ ನೋಡಾಕತ್ತೀರೆವ್ವಾ ಅವಾಗಿಂದ?"

"ಇದನ್ನ ಮಾಡಾಕತ್ತೇನ್ರಿ, ಅದಕ್ಕ ನೋಡಾಕ ಬಂದೇನಿ," ಎಂದಳು ಗಂಗಾ.

"ಮಾಡಾಕ? ಇದೇನ ರೊಟ್ಟಿ ಏನಬೇ?" ಎಂದು ಅವನು ಬಿದ್ದು ಬಿದ್ದು ನಕ್ಕ. ಆದರೂ ಒಳ್ಳೆಯ ಮನುಷ್ಯ. ಅಟ್ಟ ಎಲ್ಲಿಂದ ತಿರುಗುತ್ತದೆ, ಹೇಗೆ ಏರುತ್ತದೆ ಎಂಬುದನ್ನು ಕೈಯಲ್ಲಿ ಚಟ್ನಿ ಹಿಡಿದುಕೊಂಡೇ ವಿವರಿಸಿದ. ಗಾಡಿಯ ಹಣೆಯ ಮೇಲೆ ಆಯುಧಪೂಜೆಗೆ ಎಳೆದ ವಿಭೂತಿ ಇನ್ನೂ ಅರ್ಧ ಉಳಿದಿತ್ತು. ಗಂಗಾ ಅದನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಬೀಳಗಿ ಕ್ರಾಸಿನ ತನಕ ಕಣ್ಣು ಮುಚ್ಚಿಕೊಂಡೇ ಇದ್ದಳು. ಮಲಗಿದಳೇನೋ ಎಂದುಕೊಂಡೆ. "ಇಲ್ಲಕ್ಕಾ, ಮಾಡಾಕತ್ತೇನಿ," ಎಂದಳು.

ಮಾಡಿದಳು. ಬೆಳಗಿನ ಕೆಲಸ ಮುಗಿಸಿ, ಮಗ್ಗದ ಸದ್ದಿನಲ್ಲೇ ಕೂತು ಮಾಡಿದಳು. ಎರಡೂ ಬದಿಯನ್ನು ಬೇರೆ ಬೇರೆಯಾಗಿಯೇ ಬಿಡಿಸಿ ಬಣ್ಣ ಹಚ್ಚಿದಳು. ಗಾಡಿಯ ಹೊಟ್ಟೆಯ ಮೇಲೆ ಎರಡೂ ಕಡೆ ದಪ್ಪ ಅಕ್ಷರದಲ್ಲಿ ಬನಹಟ್ಟಿ ಎಂದು ಬರೆದಳು, ಹಣೆಗೆ ಮಾಸಿದ ವಿಭೂತಿ ಎಳೆದಳು. ಬಸವಕುಮಾರ ಅದರ ಚಿತ್ರಗಳನ್ನು ಈ ಹುಚ್ಚಿನವರೆಲ್ಲ ಇರುವ ಫೋನಿನ ಗುಂಪಿಗೆ ಕಳಿಸಿದ. ಯಾರು ಮಾಡಿದ್ದು ಎಂದು ಹೇಳಲಿಲ್ಲ. ಅವನ ಫೋನಿನಿಂದ ಹೋಯಿತು, ಅವನದೇ ಎಂದುಕೊಂಡರು. ಎಲ್ಲರಿಗಿಂತ ಮೊದಲು ಉತ್ತರ ಬರೆದವನು ಆ ಹುಬ್ಬಳ್ಳಿಯವನೇ: 'ಬಸಣ್ಣ, ಇಷ್ಟು ವರ್ಷ ನೀವು ಮಾಡಿದ್ದರಲ್ಲೆಲ್ಲ ಇದೇ ಮೇಲು. ಡಬ್ಬಿ ಬಿಡ್ರಿ, ಇಂಥವು ಮಾಡ್ರಿ.'

ನೋಡಿ, ಇದಕ್ಕಿಂತ ಕೆಟ್ಟ ಏಟು ಶತ್ರುವಿಗೂ ಬೇಡ. ಹೊಗಳಿದ್ದು ಅವನನ್ನು, ಮೆಚ್ಚಿದ್ದು ಹೆಂಡತಿಯ ಕೆಲಸವನ್ನು, ತುಳಿದದ್ದು ಅವನ ಇಷ್ಟು ವರ್ಷದ ಡಬ್ಬಿಗಳನ್ನು. ಅವತ್ತು ಅವನು ಊಟ ಮಾಡಲಿಲ್ಲ. ಮರುದಿನವೂ ಅಷ್ಟಕ್ಕಷ್ಟೆ. ಗಂಗಾ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳಂತೆ. ಹೊಟ್ಟೆಯಲ್ಲಿದ್ದದ್ದು ಹಣೆಯಲ್ಲಿ ಎಲ್ಲಿ ಸಿಗಬೇಕು?

ಗಾಡಿಯನ್ನು ಹಾಲೇಶನಿಗೆ ಕಳಿಸುವ ದಿನ ಬಂದಾಗ ಅವನು, "ಒಂದ ಸಲ ನಾ ತಿದ್ದತೇನಿ ತಡಿ, ಆ ಕಡಿ ಬಾಜು ಸ್ವಲ್ಪ ಹೊಲಸಾಗೇತಿ," ಎಂದ. ಅವನು ಏನು ಮಾಡಿದ ಎಂಬುದು ನಮಗೆ ಆಮೇಲೆ ತಿಳಿಯಿತು, ಇಲ್ಲೇ ಹೇಳಿಬಿಡುತ್ತೇನೆ. ತನ್ನ ಕೈಯೂ ಒಂದಿಷ್ಟು ಅದರಲ್ಲಿ ಬೀಳದೆ ಆ ಹೊಗಳಿಕೆ ಅವನಿಗೆ ಜೀರ್ಣವಾಗುವಂತಿರಲಿಲ್ಲ. ಅದಕ್ಕೆ ಗಂಗಾ ಕಷ್ಟಪಟ್ಟು ಮಾಡಿದ್ದ ಆ ಬದಿಯನ್ನು ಅಳಿಸಿದ. ಈ ಬದಿಯನ್ನೇ ಮಗುಚಿ ಅಲ್ಲಿಗೆ ಹಾಕಿದ. ಸೀರೆ ಡಿಸೈನಿನಲ್ಲಿ ಅದು ದಿನನಿತ್ಯದ ದಾರಿ: ಅರ್ಧ ನವಿಲು ಬಿಡಿಸು, ಮಗುಚು, ಪೂರ್ತಿ ಜೋಡಿ ತಯಾರು. ಆದರೆ ನವಿಲನ್ನು ಮಗುಚಿದರೆ ನವಿಲೇ, ಬನಹಟ್ಟಿಯನ್ನು ಮಗುಚಿದರೆ ಅಕ್ಷರ ತಿರುಗಾಮುರುಗಾ. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ. ಸೆರಗಿನ ತುದಿಯಲ್ಲಿ ಮಾಲೀಕರ ಹೆಸರು ನೇಯುತ್ತಾರಲ್ಲ, ಸೀರೆಯ ಒಳಮೈಯಲ್ಲಿ ಅದು ಯಾವಾಗಲೂ ಉಲ್ಟಾ ಇರುತ್ತದೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಕಣ್ಣಿಗೆ ಉಲ್ಟಾ ಅಕ್ಷರ ತಪ್ಪು ಅನ್ನಿಸುವುದಿಲ್ಲ. ಹೆಂಡತಿಗೆ ತೋರಿಸದೆ, ಮಾಡಿದವರು ಎಂಬಲ್ಲಿ ತನ್ನ ಹೆಸರು ಬರೆದು ಹಾಲೇಶನಿಗೆ ಕಳಿಸಿಬಿಟ್ಟ.

"ಹೆಸರು ಹಾಕಿದ್ರೇನ್ರಿ?" ಎಂದು ಗಂಗಾ ಕೇಳಿದ್ದಕ್ಕೆ, "ಅವತ್ತ ಗೊತ್ತಾಗತೈತಿ," ಎಂದನಂತೆ. ಅವಳು ನನಗೆ ಫೋನು ಮಾಡಿ, "ಅಕ್ಕಾ, ಅವತ್ತ ನೀನೂ ಬರಬೇಕಬೇ," ಎಂದಳು. ಆ ದನಿಯಲ್ಲಿದ್ದ ಆಸೆ ಕೇಳಿ ನನಗೆ ಹೆದರಿಕೆಯಾಯಿತು.

ಅವತ್ತು ಎಂದರೆ ಆಟದೊಳಗಿನ ಹೊಸ ಮಾರ್ಗ ಸುರುವಾಗುವ ದಿನ. ರೈಲಿಗಾಗಿ ಹೋರಾಟ ಮಾಡಿದ ಹಿರಿಯರೆಲ್ಲ ಸೇರಿ ಅದನ್ನು ಬನಹಟ್ಟಿಯ ನೇಕಾರರ ಸಭಾಭವನದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವ ಏರ್ಪಾಡು ಮಾಡಿದ್ದರು. ಅವರಲ್ಲಿ ಮುಂದಾಳು ಶಿದ್ರಾಮಪ್ಪ, ಹಣ್ಣಾದ ಮುದುಕರು, ರೈಲಿಗಾಗಿ ಕೂರದ ಕಚೇರಿ ಇಲ್ಲ, ಕೊಡದ ಮನವಿ ಇಲ್ಲ. ದಾವಣಗೆರೆಯಿಂದ ಹಾಲೇಶನೇ ಲ್ಯಾಪ್‌ಟಾಪು ಹಿಡಿದುಕೊಂಡು ಬಂದಿದ್ದ. ನಾನು, ನನ್ನ ಗಂಡ ಗಿರಿಮಲ್ಲಪ್ಪ ಇಬ್ಬರೂ ಜಮಖಂಡಿಯಿಂದ ಹೋಗಿ ಗಂಗಾಳ ಪಕ್ಕ ಕೂತೆವು. ಅವಳು ಹೊಸ ಸೀರೆ ಉಟ್ಟಿದ್ದಳು. ಬಸವಕುಮಾರ ಮುಂದಿನ ಸಾಲಿನಲ್ಲಿ, ಮಾಡಿದವರು ಕೂರುವ ಕುರ್ಚಿಯಲ್ಲಿ ಕೂತಿದ್ದ.

ಪರದೆಯ ಮೇಲೆ ಕಬ್ಬು ಬಂತು, ಹಳಿ ಬಂತು. 'ರಬಕವಿ-ಬನಹಟ್ಟಿ' ಎಂಬ ಹಳದಿ ಬೋರ್ಡು ಕಂಡದ್ದೇ ತಡ, ಭವನ ತುಂಬ ಶಿಳ್ಳೆ. ದೂರದಲ್ಲಿ ಟವರ್ ಗಾಡಿ ಕಾಣಿಸಿತು. ಹಣೆಯಲ್ಲಿ ವಿಭೂತಿ ಹೊತ್ತು, ನಿಧಾನವಾಗಿ ಬಂದು ಪ್ಲಾಟ್‌ಫಾರ್ಮಿಗೆ ಹತ್ತಿ ನಿಂತಿತು. ಶಿದ್ರಾಮಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಳಗೆ ಅಕ್ಷರ ಮೂಡಿದವು: 'ಟವರ್ ಗಾಡಿ. ಮಾಡಿದವರು ಬಸವಕುಮಾರ, ಬನಹಟ್ಟಿ.'

ಗಂಗಾ ಅದನ್ನು ಓದಿದಳು. ನನ್ನ ಕೈ ಹಿಡಿದುಕೊಂಡಿದ್ದವಳು ಬಿಟ್ಟಳು. ನಾನು ಏಳಲು ಹೋದೆ, ನನ್ನ 'ಹಿಡಿದು ಜಾಡಿಸುವ' ಸ್ವಭಾವ ಗೊತ್ತಿದ್ದ ಅವಳೇ ಸೆರಗು ಜಗ್ಗಿ ಕೂರಿಸಿದಳು.

ಹಾಲೇಶ ಗಾಡಿಯನ್ನು ಸುತ್ತಲೂ ತೋರಿಸಲೆಂದು ಪರದೆಯ ನೋಟವನ್ನು ಆ ಬದಿಗೆ ತಿರುಗಿಸಿದ. ಅಲ್ಲಿ ಅಷ್ಟೆತ್ತರದ ಬನಹಟ್ಟಿ, ತಿರುಗಾಮುರುಗಾ. ಹಿಂದಿನಿಂದ ಯಾವನೋ ನೇಕಾರ ಕೂಗಿದ:

"ಏ, ಗಾಡಿಗೆ ಸೀರಿ ಉಲ್ಟಾ ಉಡಿಸ್ಯಾರಲ್ಲೋ!"

ಭವನ ಬಿರಿಯುವ ಹಾಗೆ ನಕ್ಕರು. ಸೀರೆ ನೇಯುವ ಊರಿನವರಿಗೆ ಇದಕ್ಕಿಂತ ದೊಡ್ಡ ನಗೆ ಮತ್ತೊಂದಿಲ್ಲ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, ನನ್ನ ಗಂಡನೂ ನಕ್ಕರು, ನಾನು ತಿವಿದೆ.

"ಬಸಣ್ಣ, ಇದೇನ್ರೀ, ಅಕ್ಷರ ಉಲ್ಟಾ ಆಗಿದಾವಲ್ಲ?" ಎಂದು ಹಾಲೇಶ ಮೈಕಿನಲ್ಲೇ ಕೇಳಿಬಿಟ್ಟ.

ಬಸವಕುಮಾರ ಎದ್ದು ನಿಂತ. ಮುಖ ಸುಟ್ಟ ಬದನೆಕಾಯಿ. ಬೆವರು ಒರೆಸಿಕೊಂಡ. ಆಮೇಲೆ ನಮ್ಮ ಕಡೆ ಕೈ ತೋರಿಸಿ ಹೇಳಿದ: "ಅದು ನಂದಲ್ಲ್ರಿ. ಅದನ್ನ ಮಾಡಿದಾಕಿ ನಮ್ಮ ಮನ್ಯಾಕಿ, ಗಂಗಾಂಬಿಕಾ. ಹೊಸದಾಗಿ ಕಲಿಯಾಕತ್ತಾಳ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೆಚ್ಚುಗೆಯಿದ್ದಾಗ ಬಾಯಿಗೆ ಬಾರದ ಹೆಸರು ನಗೆಪಾಟಲಾದಾಗ ನೆನಪಾಯಿತು. ಆ ಹೊತ್ತಿನಲ್ಲಿ ನನ್ನ ಕೈಗೆ ಏನಾದರೂ ಸಿಕ್ಕಿದ್ದರೆ ಅವನಿಗೆ ಎಸೆದೇ ಬಿಡುತ್ತಿದ್ದೆ, ಸಿಕ್ಕಿದ್ದು ನನ್ನ ಗಂಡನ ಮೊಬೈಲು, ಅದನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದರು.

ಗಂಗಾ ಎದ್ದು ನಿಂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹೌದ್ರಿ," ಎಂದಳು, ಇಡೀ ಭವನಕ್ಕೆ ಕೇಳುವಂತೆ. "ಟವರ್ ಗಾಡಿ ನಾ ಮಾಡೇನಿ."

ಶಿದ್ರಾಮಪ್ಪನವರು ಕೋಲೂರಿಕೊಂಡು ತಿರುಗಿದರು. "ಯಾರವ್ವಾ? ನೀನಾ?"

"ಹೌದ್ರಿ ಅಜ್ಜಾರ."

"ಯವ್ವಾ, ನಮ್ಮ ಕೂದಲ ಬೆಳ್ಳಗಾದ್ರೂ ಒಂದ ಗಾಡಿ ನಮ್ಮೂರಿಗೆ ತರಾಕ ಆಗಲಿಲ್ಲ. ನೀ ತಂದೀಯಲ್ಲ! ಉಲ್ಟಾ ಬಂದ್ರ ಬರಲಿ ತಗೋ, ಬಂತಲ್ಲ!"

ಚಪ್ಪಾಳೆ ಎಂದರೆ ಅದು ಚಪ್ಪಾಳೆ. ನಕ್ಕವರೇ ತಟ್ಟಿದರು. ಹಾಲೇಶ ಅಲ್ಲೇ ಕೂತು ಹೆಸರು ತಿದ್ದಿದ, ಪರದೆಯ ಮೇಲೆ 'ಮಾಡಿದವರು ಗಂಗಾಂಬಿಕಾ, ಬನಹಟ್ಟಿ' ಎಂದು ಬಂತು. ಆಮೇಲೆ ಬಸವಕುಮಾರನ ಡಬ್ಬಿಗಳ ಉದ್ದನೆಯ ರೈಲೂ ಬಂತು, ಹೋಯಿತು. ಜನ ಆಗಲೇ ಚಹಾಕ್ಕೆ ಎದ್ದಿದ್ದರು.

ಮನೆಗೆ ಬಂದಾಗ ಮಧ್ಯಾಹ್ನ. ಗಂಗಾ ಮೊದಲು ಕಂಪ್ಯೂಟರಿನ ಮುಂದೆ ಕೂತಳು. ತನ್ನ ಹತ್ತಿರ ಇಟ್ಟುಕೊಂಡಿದ್ದ ಮೊದಲಿನ ಗಾಡಿಯನ್ನು, ಎರಡೂ ಬದಿ ನೆಟ್ಟಗಿದ್ದದ್ದನ್ನು, ತನ್ನ ಹೆಸರು ಬರೆದು ತಾನೇ ಹಾಲೇಶನಿಗೆ ಕಳಿಸಿದಳು. ಬಸವಕುಮಾರ ಹಿಂದೆ ನಿಂತು ನೋಡಿದ, ಬೇಡ ಎನ್ನಲಿಲ್ಲ. ಆಮೇಲೆ ಅವಳು ರೊಟ್ಟಿ ಬಡಿಯಲು ಕೂತಳು. ನಾನು ಪಲ್ಯ ಬಡಿಸಿದೆ, ಅವನ ತಾಟಿಗೆ ಕುಕ್ಕಿ ಬಡಿಸಿದೆ. ನನ್ನ ಗಂಡ ಊಟ ಮುಗಿಸಿ ಎದ್ದರು, ಅವನು ಮುಟ್ಟಿಯೇ ಇರಲಿಲ್ಲ.

"ಉಲ್ಟಾ ಮಾಡಿದಾಂವ ನಾ," ಎಂದ ತಾಟು ನೋಡುತ್ತಾ.

"ಗೊತ್ತೈತ್ರಿ," ಎಂದಳು ಗಂಗಾ, ಬಡಿಯುವುದು ನಿಲ್ಲಿಸದೆ. "ಮಗುಚಿ ಹಾಕೂದು ನಿಮ್ಮ ಕೈ."

"ಗೊತ್ತಿದ್ರೂ ಯಾಕ ಎದ್ದ ನಿಂತಿ?"

"ಹೆಸರ ಕೂಗಿದ್ರಿ, ಎದ್ದೆ."

ಅವನು ಬಾಯಿಯಲ್ಲಿ ಕಲ್ಲು ಸಿಕ್ಕವನಂತೆ ಒಂದೊಂದೇ ಮಾತು ಉಗುಳಿದ. "ನನಗ ಹೊಟ್ಟಿಕಿಚ್ಚ ಆತು ಗಂಗಾ. ದೂರದ ಊರಿನ ಮಂದಿ ಮ್ಯಾಲ ಆಗತಿತ್ತು, ಗೊತ್ತಿತ್ತು. ನಿನ್ನ ಮ್ಯಾಲ ಆಗತೈತಿ ಅಂತ ತಿಳಿದಿದ್ದಿಲ್ಲ. ಆ ಗಾಡಿ ನೋಡಿದಾಗೊಮ್ಮೆ ಇದು ನಂದಲ್ಲ ಅಂತ ಮೈಯೆಲ್ಲ ಉರಿತಿತ್ತು."

ಗಂಗಾ ಬಡಿಯುವ ಕೈ ನಿಲ್ಲಿಸಿದಳು. ಈಗಲಾದರೂ ಬೈಯುತ್ತಾಳೆ ಎಂದು ನಾನು ಕಾದೆ, ಸಹಾಯಕ್ಕೆ ನನ್ನ ಬೈಗುಳವೂ ಸಿದ್ಧವಿತ್ತು.

"ಹೌದೇನ್ರಿ?" ಎಂದಳು. "ಖರೆ ಹೇಳ್ರಿ. ಹುಬ್ಬಳ್ಳ್ಯಾವನ ಮ್ಯಾಲ ಆದಂಗ ಆತೇನು?"

"ಅದಕಿಂತ ಹೆಚ್ಚ ಆತು."

"ಪುಣೇದವನಕಿಂತ?"

"ಅವನದೇನ ಬಿಡ."

ಅವಳ ಮುಖ ಅರಳಿತು. ಸಭಾಭವನದ ಚಪ್ಪಾಳೆಗೂ ಅರಳದ ಹಾಗೆ ಅರಳಿತು. "ಇಷ್ಟ ದಿನಾ ಹೇಳಬಾರದೇನ್ರಿ? ನಾ ಮಾಡಿದ್ದು ಛಲೋ ಆಗೇತೋ ಇಲ್ಲೋ ಅಂತ ಒಂದ ಮಾತಿಲ್ಲ ನಿಮ್ಮದು. ಎಷ್ಟ ಕೊರಗಿದೆ ಗೊತ್ತೇನು?" ಎಂದು ನಗುತ್ತಾ, ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಅವನು ತಲೆ ಬಗ್ಗಿಸಿ ತಿಂದ. ಅವಳು ಎದುರಿಗೆ ಕೂತು ಅವನು ಉರಿದುಕೊಂಡದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದಳು: ಯಾವಾಗ ಸುರುವಾತು, ಏಣಿ ನೋಡಿದಾಗೋ ತುಕ್ಕು ನೋಡಿದಾಗೋ, ನಿದ್ದೆ ಬಂತೋ ಇಲ್ಲೋ. ಅವನು ಒಂದೂ ಬಿಡದೆ ಹೇಳಿದ.

ನಾನು ಪಲ್ಯದ ಸೌಟು ಹಿಡಿದು ನಿಂತೇ ಇದ್ದೆ. ಶಾಲೆಯ ಮಕ್ಕಳಿಗಾಗಿ ಪ್ರತಿ ವರ್ಷ ಒಂದು ನಾಟಕವನ್ನು ನಾನೇ ಬರೆದು ಆಡಿಸುತ್ತೇನೆ. ಬರೆದದ್ದನ್ನು ಮೊದಲು ನನ್ನ ಗಂಡನಿಗೆ ಓದಿ ಹೇಳುತ್ತೇನೆ. ಅವರು ಒಳ್ಳೆಯವರು, ಒಂದು ಸಲವೂ ಹುಳುಕು ತೆಗೆದವರಲ್ಲ, ಪ್ರತಿ ಸಲವೂ "ಛಲೋ ಆಗೇತಿ ತಗೋ" ಎನ್ನುತ್ತಾರೆ, ಮೊಬೈಲಿನಿಂದ ಕಣ್ಣು ತೆಗೆಯದೆ. ನನ್ನ ನಾಟಕಕ್ಕಾಗಿ ಅವರು ಒಂದು ಹೊತ್ತಿನ ಊಟ ಬಿಟ್ಟಿದ್ದಿಲ್ಲ. ಆ ಮಧ್ಯಾಹ್ನ ನನಗೆ ನನ್ನ ತಂಗಿಯ ಮೇಲೆ ಆದಷ್ಟು ಹೊಟ್ಟೆಕಿಚ್ಚು ಬಸವಕುಮಾರನಿಗೂ ಆಗಿರಲಿಕ್ಕಿಲ್ಲ.